ತಿದ್ದದೆ ಉಳಿದ ಜಲಪಾತ

“ಈ ಜಲಪಾತಕ್ಕೆ ನೀರು ಹೊತ್ತು ಹಾಕಿದವರು ಯಾರು?”

ಶಾಲೆಗಳಿಗೆ ಗೋಡೆಚಿತ್ರ ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ, ಯಂತ್ರದ ಸದ್ದನ್ನೂ ಮೀರಿ ಅವಳ ದನಿ ಕೇಳಿಸಿತು. ಜಗತ್ತಿನ ನಿಸರ್ಗ ವಿಸ್ಮಯಗಳ ಚಿತ್ರಗಳಿಗೆ ವಿವರಣೆ ಬರೆಯುವುದು ಅವಳ ಕೆಲಸ. ಛಾಯಾಚಿತ್ರಗಳನ್ನು ತಿದ್ದಲು ಹೊಸದಾಗಿ ಸೇರಿದ್ದ ಯುವಕ ಕಂಪ್ಯೂಟರಿನಿಂದ ತಲೆಯೆತ್ತಿದ.

“ನಾನೇ. ಯಜಮಾನರು ಹೇಳಿದ್ರು.”

“ಬೇಸಿಗೇಲಿ ಸೊರಗಿದ ನದಿ ಅದು. ಮಕ್ಕಳಿಗೆ ಸುಳ್ಳು ತೋರಿಸೋಕೆ ಮನಸ್ಸಾದ್ರೂ ಹೇಗೆ ಬಂತು?”

ಅವನು ಮತ್ತೆ ಪರದೆಯತ್ತ ತಿರುಗಿಕೊಂಡ. ಕಿವಿಯವರೆಗೂ ಕೆಂಪಾದ ಆ ಮುಖ ಮಾತ್ರ ಅವಳ ಮನಸ್ಸಿನಿಂದ ಅಳಿಯಲಿಲ್ಲ...

ಯಜಮಾನರು ಅವಳ ಸೋದರಮಾವ. ಬತ್ತಿದ ಜಲಪಾತವನ್ನು ಯಾವ ಶಾಲೆ ಕೊಳ್ಳುತ್ತದೆ ಎಂಬುದು ಅವರ ವಾದ. ತುಂಬಿದ ಆ ಸುಳ್ಳು ನೀರಿನ ಕೆಳಗೆ ಒಂದಕ್ಷರವನ್ನೂ ಬರೆಯಲಾರೆ ಎಂಬುದು ಇವಳ ಹಠ. ಅಚ್ಚಿಗೆ ಹೋಗುವುದರೊಳಗೆ ಬರೆಯದಿದ್ದರೆ ಕೆಲಸ ಬಿಡಬೇಕೆಂದು ಮಾವ ಕಡ್ಡಿ ತುಂಡುಮಾಡಿದಂತೆ ಹೇಳಿದರು.

ಈ ನಡುವೆ ಅವನು ಟೀ ಹೊತ್ತಿಗೆ ಒಂದೊಂದೇ ಚಿತ್ರ ತಂದು ತೋರಿಸತೊಡಗಿದ್ದ. ಉಪ್ಪಿನ ಬಯಲು, ನೀಲಿ ಹಿಮಗುಹೆ, ಬೆಂಕಿ ಕಾರುವ ಬೆಟ್ಟ. ಅವಳು ಅವುಗಳ ಕಥೆ ಹೇಳುವಳು. ಅವನ ಟೀ ಆರಿಹೋಗುವುದು. ಅವಳಿಗೂ ಆ ಹೊತ್ತಿನ ದಾರಿ ಕಾಯುವ ಅಭ್ಯಾಸವಾಗಿತ್ತು.

ಅಷ್ಟರಲ್ಲಿ ಎಲ್ಲರಿಗೂ ಗುರುತಿನ ಚೀಟಿ ಬಂತು. ಭಾವಚಿತ್ರಗಳನ್ನು ತಿದ್ದಿದವನು ಅವನೇ. ಒಬ್ಬರ ಮೊಡವೆ ಮಾಯ, ಮಾವನ ಸುಕ್ಕೂ ಮಾಯ. ಅವಳ ಕೆನ್ನೆಯ ಮೇಲಿನ ಬಾಲ್ಯದ ಸುಟ್ಟ ಕಲೆಯೊಂದೇ ಇದ್ದ ಹಾಗೇ ಇತ್ತು! ಬೈಸಿಕೊಂಡಿದ್ದಕ್ಕೆ ಹುಡುಗ ಸೇಡು ತೀರಿಸಿಕೊಂಡನೆಂದು ಹಾಳೆ ಜೋಡಿಸುವ ಹೆಂಗಸರು ನಕ್ಕರು.

‘ಒಣ ಬಂಡೆಗೆ ನೀರು ತರಬಲ್ಲವನಿಗೆ ನನ್ನ ಕಲೆ ಅಳಿಸುವುದು ಮಾತ್ರ ಆಗಲಿಲ್ಲವೇ...’ ಅವಳು ಅವನೊಂದಿಗೆ ಮಾತು ಬಿಟ್ಟಳು.

ಅಚ್ಚಿನ ದಿನ ಬಂತು. ಕರಡು ಹಾಳೆ ನೋಡಿ ಮಾವ ಕೆಂಡವಾದರು. ಜಲಪಾತದಲ್ಲಿ ಆ ತುಂಬು ನೀರಿರಲಿಲ್ಲ, ಕಪ್ಪು ಬಂಡೆಯ ಮೇಲೆ ಒಂದೇ ಬಿಳಿ ಎಳೆ. ಅವರು ಸೊಸೆಯ ಮೇಲೆ ಹರಿಹಾಯ್ದರು. ಯುವಕ ನಡುವೆ ಬಂದು ನಿಂತ.

“ನೀರು ತೆಗೆದಿದ್ದು ನಾನು, ಸಾರ್. ಅವರು ಬೈದ ಮೇಲೆ ಅದನ್ನ ಅಚ್ಚಿಗೆ ಕಳಿಸೋಕೆ ನನ್ನ ಕೈ ಬರಲಿಲ್ಲ.”

ಅವಳು ಪೆನ್ನು ತೆಗೆದು ಅದೇ ಹಾಳೆಯ ಕೆಳಗೆ ಬರೆದಳು: ‘ಬೇಸಿಗೆಯಲ್ಲಿ ಈ ಜಲಪಾತ ಸೊರಗುತ್ತದೆ. ಬಂಡೆಯ ನಿಜರೂಪ ಕಾಣುವುದು ಆಗಲೇ.’

“ವಿವರಣೆ ಬರೆದಾಯ್ತು, ಮಾವ. ಹೀಗೇ ಅಚ್ಚಾಗ್ಲಿ. ಇಲ್ದಿದ್ರೆ ನಾವಿಬ್ಬರೂ ಹೊರಟ್ವಿ.”

“ನಾವಿಬ್ಬರೂ ಅಂದ್ರೆ?” ಮಾವ ಹುಬ್ಬೇರಿಸಿದರು.

ಆಡಿದ ಮೇಲಷ್ಟೇ ಆ ಮಾತು ಅವಳಿಗೂ ಕೇಳಿಸಿತು. ಆದರೂ ತಲೆ ತಗ್ಗಿಸಲಿಲ್ಲ.

“ನಾವಿಬ್ಬರೂ ಅಂತಲೇ.”

“ಹಾಗಾದ್ರೆ ಹೊರಡಿ.”

ಹೊರಟರು. ಮೆಟ್ಟಿಲಿಳಿಯುತ್ತಾ ಅವಳು ಕೇಳಿಯೇಬಿಟ್ಟಳು.

“ಎಲ್ಲರ ಮುಖಾನೂ ತಿದ್ದಿದ್ರಿ. ನನ್ನದನ್ನ ಯಾಕೆ ಬಿಟ್ರಿ?”

“ಎಷ್ಟು ಹೊತ್ತು ನೋಡಿದ್ರೂ ತಿದ್ದೋಕೆ ಏನೂ ಸಿಗಲಿಲ್ಲ.” ಅವನು ತಡವರಿಸಿದ. “ಬೇಜಾರಾಗಿದ್ರೆ ಹೇಳಿ... ಆ ಕಲೆ ಈಗಲೂ ತೆಗೀತೀನಿ.”

“ತೆಗೆದು ನೋಡಿ, ನಿಮ್ಮ ಕೈ ಉಳಿಯಲ್ಲ!”

ಹಾಗೆಂದವಳು ಅದೇ ಕೈಯನ್ನು ಹಿಡಿದುಕೊಂಡಳು.