ತಿರುಗಿ ನೋಡುವ ಜಾಗ

“ಇವತ್ತಾದ್ರೂ ನಿಲ್ಲಿಸ್ತೀಯೇನೋ?” ಸೌಂಡ್ ಚೆಕ್ ಮುಗಿಸಿದ ಗಾಯಕಿ ಕೇಳಿದಳು.

ಡ್ರಮ್ಮರ್ ಸ್ಟಿಕ್ ಒರೆಸುತ್ತ ತಲೆ ಎತ್ತದೆ, “ನೋಡೋಣ” ಅಂದ.

ಅವಳು ಕೇಳಿದ್ದು ಕ್ಯಾಸೆಟ್ ಕಾಲದಲ್ಲಿ ಸೀಮೆಯಿಡೀ ಗುನುಗಿದ ಅವರ ಹಾಡಿನ ಬಗ್ಗೆ. ಕೊನೆಯ ಚರಣಕ್ಕೆ ಮುಂಚೆ ವಾದ್ಯಗಳೆಲ್ಲ ಗಪ್ಪನೆ ನಿಲ್ಲಬೇಕು, ಆ ಮೌನದಲ್ಲಿ ಅವಳೊಬ್ಬಳೇ ಹಾಡಬೇಕು. ಬ್ಯಾಂಡಿನ ಗಿಟಾರಿಸ್ಟ್ ಆದ ಅವಳ ಅಣ್ಣ ಹಾಗೇ ಕಟ್ಟಿದ್ದ. ಆದರೆ ಮೊದಲ ಶೋನಲ್ಲೇ ಡ್ರಮ್ಮರ್ ಕೈತಪ್ಪಿ ಒಂದು ಸುತ್ತು ಹೆಚ್ಚಿಗೆ ಬಾರಿಸಿಬಿಟ್ಟ. ಅವಳು ಥಟ್ಟನೆ ತಿರುಗಿದಳು. ಬೆವರಿಗೆ ಕೂದಲು ಕೆನ್ನೆಗಂಟಿತ್ತು. ಕೆಕ್ಕರಿಸಿ ನೋಡಿದವಳು ತಡೆಯಲಾರದೆ ನಕ್ಕುಬಿಟ್ಟಳು. ಅಲ್ಲಿಗೆ ಅವನ ಕಥೆ ಮುಗಿಯಿತು.

ಆಮೇಲೆ ಪ್ರತಿ ಶೋನಲ್ಲೂ ಅವನು ಬೇಕಂತಲೇ ತಪ್ಪಿದ. ಕಾಲೇಜು ಮೈದಾನ, ಟೌನ್ ಹಾಲ್, ಕೊನೆಗೆ ತುಂಬಿ ತುಳುಕುವ ಸ್ಟೇಡಿಯಂ. ಜನ ಆ ಜಾಗಕ್ಕೇ ಕಾದು ಶಿಳ್ಳೆ ಹಾಕತೊಡಗಿದರು. ವ್ಯಾನಿನಲ್ಲಿ ನಿದ್ದೆ ಹೋದ ಅವಳ ತಲೆ ಕಿಟಕಿಗೆ ಬಡಿಯದಿರಲೆಂದು ತನ್ನ ಜಾಕೆಟ್ ಮಡಚಿಡುತ್ತಿದ್ದವನು ಬಾಯಿ ಮಾತ್ರ ಬಿಡಲಿಲ್ಲ. ಅಣ್ಣ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದ: “ಬ್ಯಾಂಡ್ ಒಳಗೆ ಲವ್ವು ಗಿವ್ವು ಬೇಡ. ಜಗಳ ಆದ್ರೆ ಎರಡೂ ಹೋಗುತ್ತೆ.”

ಈಗ ಅಣ್ಣನ ಭುಜಕ್ಕೆ ಗಿಟಾರ್ ಹೊರುವ ಶಕ್ತಿಯಿಲ್ಲ. ಇವತ್ತಿನದೇ ಕೊನೆಯ ಶೋ. ನಾಳೆಯಿಂದ ಅವಳನ್ನು ನೋಡಲು ಡ್ರಮ್ಮರ್‌ಗೆ ಒಂದು ನೆಪವೂ ಇರುವುದಿಲ್ಲ. ಕದ್ದು ಗಳಿಸಿದ ನೋಟ ಸಾಕು, ಇದೊಂದು ಸಲ ಅವಳ ಮೌನ ಅವಳಿಗೇ ಇರಲಿ ಅಂತ ಅವನು ಮನಸ್ಸು ಗಟ್ಟಿ ಮಾಡಿಕೊಂಡ.

ಸಂಜೆ ಶೋನಲ್ಲಿ ಹಾಡಿನ ಆ ಜಾಗ ಬಂತು. ಅವನು ನಿಲ್ಲಿಸಿದ.

ಮೈದಾನವೇ ಮೌನವಾಯಿತು. ಅವಳು ಹಾಡಬೇಕಿತ್ತು, ಹಾಡಲಿಲ್ಲ. ನಿಧಾನವಾಗಿ ತಿರುಗಿದಳು. ಕೆನ್ನೆಗಂಟಿದ ಕೂದಲೀಗ ಅರ್ಧ ನರೆತಿತ್ತು.

“ಯಾಕೋ ನಿಲ್ಲಿಸ್ದೆ?” ಮೈಕ್ ಕೈಯಲ್ಲಿರುವುದೇ ಅವಳಿಗೆ ಮರೆತುಹೋಗಿತ್ತು.

“ನೀನೇ ಹೇಳಿದ್ಯಲ್ಲ.”

“ಇಷ್ಟು ವರ್ಷ ಹೇಳ್ದೆ, ಒಂದಿನ ಕೇಳಿದ್ಯಾ? ಪೆದ್ದ! ನಿನ್ನ ನೋಡೋಕೆ ನನಗಿದ್ದಿದ್ದೂ ಅದೊಂದೇ ಜಾಗ ಕಣೋ.”

ಮೈದಾನ ಹೋ ಎಂದಿತು. ಅವನು ಗಾಬರಿಯಲ್ಲಿ ಅಣ್ಣನ ಕಡೆ ನೋಡಿದ.

“ನನ್ನೇನು ನೋಡ್ತೀಯ?” ಅಣ್ಣ ಭುಜ ಉಜ್ಜಿಕೊಳ್ಳುತ್ತ ಗೊಣಗಿದ. “ಬ್ಯಾಂಡ್ ಮುಗೀತಲ್ಲ. ಬಾರಿಸು.”

ಅವನು ಬಾರಿಸಿದ, ಬಿಟ್ಟಿದ್ದ ಆ ಒಂದು ಸುತ್ತನ್ನು. ಅವಳು ಜನಕ್ಕೆ ಬೆನ್ನು ಹಾಕಿ, ಕೊನೆಯ ಚರಣವನ್ನು ಪೂರ್ತಿ ಅವನನ್ನೇ ನೋಡುತ್ತ ಹಾಡಿದಳು.