ಅವಳ ಪರವಾಗಿ

"ಭಯ ಆಗ್ತಿದೆಯೇನಮ್ಮಾ?"

ದೊಡ್ಡಮ್ಮ ಕೇಳಿದ್ದು ಅವಳನ್ನು. ಉತ್ತರ ಬಂದದ್ದು ಪಕ್ಕದ ಚಾಪೆಯ ಮುದುಕನಿಂದ.

"ಆಗ್ತಿದೆ ಇವಳಿಗೆ. ಆದ್ರೆ ಎದ್ದು ಹೋಗಲ್ಲ."

ಅವಳು ಬೆಚ್ಚಿ ತಿರುಗಿದಳು. ಮುದುಕ ಅವಳ ಕಡೆ ನೋಡುತ್ತಲೂ ಇರಲಿಲ್ಲ. ಹೇಳಿದ್ದು ಮಾತ್ರ ನಿಜವಾಗಿತ್ತು...

ಮೂರನೇ ಮಹಡಿಯ ಆ ಹಾಲ್ ಮೊದಲು ಡ್ಯಾನ್ಸ್ ಕ್ಲಾಸ್ ಆಗಿತ್ತು. ಗೋಡೆಯುದ್ದದ ಕನ್ನಡಿಗಳಿಗೆ ಈಗ ಬೂದು ಬಟ್ಟೆ ಹೊದಿಸಿದ್ದರು. ನಡುವೆ ಒಂದು ಕಂಚಿನ ಬಟ್ಟಲು, ಸುತ್ತಲೂ ಚಾಪೆಗಳು, ಎಲ್ಲರ ಮಡಿಲಲ್ಲೂ ಒಂದೊಂದು ನುಣುಪಾದ ಹರಳು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದಿದ್ದ ಹೆಂಗಸೊಬ್ಬಳು ಈ ಜಾಗದ ಬಗ್ಗೆ ಹೇಳಿದ್ದಳು. "ಬಳಗ ಅಂತಾರೆ. ದೇವರು, ಪೂಜೆ ಏನೂ ಇಲ್ಲ. ಸುಮ್ನೆ ಒಟ್ಟಿಗೆ ಕೂರ್ತೀವಿ. ಒಂದ್ಸಲ ಬನ್ನಿ, ಒಂಟಿ ಅನ್ನಿಸೋದೇ ಇಲ್ಲ."

ತಾನು ಒಂಟಿ ಎಂದು ಅವಳು ಆ ಹೆಂಗಸಿಗೆ ಹೇಳಿರಲಿಲ್ಲ.

"ಇವನ ಎದುರಿಗೆ ಕೂತ್ಕೋ. ಕಣ್ಣಲ್ಲಿ ಕಣ್ಣಿಟ್ಟು ನೋಡು, ಅಷ್ಟೇ," ಎಂದರು ದೊಡ್ಡಮ್ಮ, ಬಳಗದ ಹಿರಿಯಾಕೆ.

ಎದುರಿಗೆ ಬಂದು ಕೂತವನು ಲಿಫ್ಟ್ ರಿಪೇರಿಯವನು. ಎಷ್ಟು ತೊಳೆದರೂ ಹೋಗದ ಗ್ರೀಸ್ ಅವನ ಉಗುರಿನ ಅಂಚಿನಲ್ಲಿತ್ತು. ದಿನವಿಡೀ ಊರವರ ಕಣ್ಣಿನ ಅಳತೆ ತೆಗೆಯುವವಳು ಅವಳು. ಆದರೆ ಅವಳ ಕಣ್ಣನ್ನು ಹೀಗೆ ಯಾರೂ ನೋಡಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಪ್ರೀತಿಯವಳೇ. ಆದರೂ ಅವಳು ಒಳಗೆ ಕಾಲಿಟ್ಟರೆ ಅಕ್ಕ, ಭಾವನ ಮಾತು ಥಟ್ಟನೆ ನಿಂತುಬಿಡುತ್ತಿತ್ತು.

ಅವನ ನೋಟದೆದುರು ಅವಳ ಕಣ್ಣು ತುಂಬಿ ಬಂತು. ಅವನು ದೃಷ್ಟಿ ತಪ್ಪಿಸಲಿಲ್ಲ. ತುಟಿ ಅಲುಗಿಸದೆ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಸಾಕು ಅನ್ನಿಸಿದ್ರೆ ಕಣ್ಣು ಮುಚ್ಚಿಬಿಡಿ. ಯಾರೂ ಏನೂ ಅನ್ನಲ್ಲ."

ಅವಳು ಮುಚ್ಚಲಿಲ್ಲ.

*

ಮುಂದಿನ ವಾರವೂ ಹೋದಳು. ಅದರ ಮುಂದಿನ ವಾರವೂ. ಬೆಳಕು ಆರಿಸಿ, ಕಣ್ಣು ಮುಚ್ಚಿ ಎಲ್ಲರೂ ಒಂದೇ ದನಿಯಲ್ಲಿ ಗುಂಯ್‌ಗುಡುತ್ತಿದ್ದರು. ಎಷ್ಟು ಹೊತ್ತು ಕಳೆಯುತ್ತಿತ್ತೋ ಅವಳಿಗೆ ತಿಳಿಯುತ್ತಿರಲಿಲ್ಲ. ಎಚ್ಚರಾದಾಗ ಮೈ ಹಗುರ, ಬಾಯಿ ಮಾತ್ರ ಒಣಗಿರುತ್ತಿತ್ತು. ಒಂದೇ ಕಿರಿಕಿರಿಯೆಂದರೆ ಪಕ್ಕದಲ್ಲೇ ಕೂರುತ್ತಿದ್ದ ಲಿಫ್ಟ್‌ನವನ ದನಿ. ಎಲ್ಲರಿಗಿಂತ ಜೋರು, ಶ್ರುತಿ ಅನ್ನುವುದು ಹತ್ತಿರ ಸುಳಿಯುತ್ತಿರಲಿಲ್ಲ.

ಬಳಗದಲ್ಲಿ ಎಲ್ಲರೂ ಚಿಕ್ಕಪ್ಪ, ಅತ್ತೆ, ಅಕ್ಕ, ತಮ್ಮ. ಜ್ವರ ಬಂದು ಮಲಗಿದರೆ ಗಂಜಿ ಹಿಡಿದು ಬರುತ್ತಿದ್ದರು. ಒಂದು ಸಂಗತಿ ಮಾತ್ರ ಅವಳಿಗೆ ವಿಚಿತ್ರವೆನಿಸುತ್ತಿತ್ತು. ಹಳಬರು ಯಾರೂ ತಮ್ಮ ಬಗ್ಗೆ ತಾವು ಮಾತಾಡುತ್ತಿರಲಿಲ್ಲ.

"ಅತ್ತೆ, ನೀರು ಬೇಕಾ?" ಎಂದರೆ ಅತ್ತೆ ನಗುತ್ತಾ ಕೂತಿರುತ್ತಿದ್ದಳು. ಪಕ್ಕದವರು "ಬೇಡ ಇವಳಿಗೆ" ಅನ್ನುತ್ತಿದ್ದರು.

ದೊಡ್ಡಮ್ಮ ಅವಳ ತಲೆ ಸವರುತ್ತಾ ಹೇಳಿದ್ದರು. "'ನಾನು' ಅನ್ನೋದು ದೊಡ್ಡ ಹೊರೆ ಮಗಳೇ. ನಮ್ಮ ಮೇಲೆ ಇಳಿಸಿಬಿಡು. ಬರೋ ವಾರ ನೀನು ಪೂರ್ತಿ ನಮ್ಮವಳಾಗ್ತೀಯ. ಇಲ್ಲೇ, ನಮ್ಮ ಜೊತೆಗೇ ಇರ್ತೀಯ."

ಅಂದು ಮೆಟ್ಟಿಲಿಳಿಯುವಾಗ ಅವಳು ಖುಷಿಯಲ್ಲಿದ್ದಳು. ಲಿಫ್ಟ್‌ನವನ ಜೊತೆ ಬಾಯಿತುಂಬ ಮಾತಾಡಿದಳು. ಅಮ್ಮ ತನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದದ್ದನ್ನೂ ಹೇಳಿದಳು. ಅಕ್ಕನಿಗೆ ಕೂಡ ಗೊತ್ತಿಲ್ಲದ ಹೆಸರು, ಅಮ್ಮ, ಮಗಳ ನಡುವಿನದು.

"ಗುಬ್ಬಿ," ಎಂದು ಅವನು ಮೆಲ್ಲನೆ ಒಮ್ಮೆ ಹೇಳಿ ನೋಡಿದ. ಅವಳ ಎದೆ ಝಲ್ಲೆಂದಿತು.

ಅವಳು ಸೇರುವ ಮುನ್ನ ಎಂದು ಎರಡೇ ದಿನ ಬಿಟ್ಟು ಮತ್ತೊಮ್ಮೆ ಕೂತಾಗ ದೊಡ್ಡಮ್ಮ ಇದ್ದಕ್ಕಿದ್ದಂತೆ ಕತ್ತು ವಾಲಿಸಿದರು. ಬಾಯಿ ದೊಡ್ಡಮ್ಮನದು, ದನಿ ಮಾತ್ರ ಬೇರೆ. ಅಮ್ಮನ ಅದೇ ಮೂಗಿನ ಎಳೆತ, ಅದೇ ಸುಸ್ತು.

"ಗುಬ್ಬೀ... ಊಟ ಮಾಡ್ದೇನೇ?"

ಅವಳು ದೊಡ್ಡಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಎಷ್ಟೋ ಕೈಗಳು ಒಟ್ಟಿಗೆ ಅವಳ ಬೆನ್ನ ಮೇಲೆ ಬಂದು ಕೂತವು. ಎಲ್ಲವೂ ಒಂದೇ ಲಯದಲ್ಲಿ ತಟ್ಟುತ್ತಿದ್ದವು.

ಹೊರಗೆ ಬಂದಾಗ ಲಿಫ್ಟ್‌ನವನ ಮುಖ ಬಿಳಿಚಿಕೊಂಡಿತ್ತು.

"ಅವರಿಗೆ ನೀವೇ ಹೇಳಿದ್ರಾ?" ಅವಳು ಕೇಳಿದಳು.

"ಇಲ್ಲ."

"ಹಾಗಾದ್ರೆ ಅಮ್ಮನೇ ಬಂದಿದ್ಲು."

ಅವನು ಗೋಡೆಗೆ ಒರಗಿದ. "ಹೋದ ವರ್ಷ ನನ್ನ ಅಣ್ಣನೂ ಅವರ ಬಾಯಲ್ಲಿ ಹೀಗೇ ಬಂದಿದ್ದ. ಅದೇ ದನಿ, ನನ್ನ ಬೈಯೋ ಅದೇ ರೀತಿ. ಸಾಯೋವಾಗ ನಿನ್ನೇ ನೆನೆಸ್ಕೊಂಡೆ ಅಂದ..."

"ಮತ್ತೆ?"

"ನನ್ನ ಅಣ್ಣ ಬದುಕಿದ್ದಾನೆ. ಇದೇ ಊರಲ್ಲಿ. ಜಗಳ ಆಡ್ಕೊಂಡು ಮಾತು ಬಿಟ್ಟಿದ್ವಿ, ಅಷ್ಟೇ."

ಅವಳ ಮೈ ಜುಮ್ಮೆಂದಿತು. ಮರುಕ್ಷಣವೇ ಸಿಟ್ಟು ಒತ್ತರಿಸಿಕೊಂಡು ಬಂತು. "ಹೆಸರು ನೀವೇ ಹೇಳಿದ್ದೀರಿ. ಈಗ ಜಾರ್ಕೋತಿದ್ದೀರಿ. ಅಮ್ಮ ಸಿಕ್ಕಿದಾಳೆ ನನಗೆ. ಅವಳನ್ನ ನನ್ನಿಂದ ಕಿತ್ಕೋಬೇಡಿ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡಿ."

ಅವನು ತಲೆ ತಗ್ಗಿಸಿದ.

*

ಅವಳು ಬಳಗಕ್ಕೆ ಸೇರುವ ಸಂಜೆ ಹಾಲ್ ತುಂಬಿತ್ತು. ಅಕ್ಕನ ಮನೆಯಿಂದ ಬಟ್ಟೆಯ ಚೀಲ ಹೊತ್ತು ಬಂದಿದ್ದಳು. ಅಕ್ಕ ತಡೆದಿರಲಿಲ್ಲ. ಅದೇ ನೋವು ಎದೆಯಲ್ಲಿ ಕುಟುಕುತ್ತಿತ್ತು.

ಪದ್ಧತಿಯಂತೆ, ಮೊದಲ ದಿನ ಎದುರು ಕೂತಿದ್ದ ಲಿಫ್ಟ್‌ನವನೇ ಅವಳ ಜೋಡಿಯಾಗಿ ಪಕ್ಕಕ್ಕೆ ಬಂದು ಕೂತ. ಅವಳು ಅವನತ್ತ ನೋಡಲಿಲ್ಲ.

ದೊಡ್ಡಮ್ಮ ಬಟ್ಟಲನ್ನು ಬಾರಿಸಿದರು. "ಈ ಮಗಳು ಮನಸಾರೆ ನಮ್ಮವಳಾಗ್ತಾಳಾ?"

ಉತ್ತರ ಅವನು ಕೊಡಬೇಕಿತ್ತು. ಅವಳ ಪರವಾಗಿ, ಒಂದೇ ಒಂದು 'ಹೂಂ'.

ಬಟ್ಟಲಿನ ನಾದ ತೆಳ್ಳಗಾಗಿ ಇಂಗಿಹೋಯಿತು. ಅವನು ಗಂಟಲು ಸರಿಮಾಡಿಕೊಂಡ.

"ನನಗೆ ಗೊತ್ತಿಲ್ಲ. ಅವರನ್ನೇ ಕೇಳಿ."

ಅಷ್ಟೂ ಮುಖಗಳು ಒಮ್ಮೆಲೇ ಅವಳತ್ತ ತಿರುಗಿದವು. ಎಲ್ಲವೂ ಅಷ್ಟೇ ವಾಲಿದ್ದವು, ಎಲ್ಲದರ ಮೇಲೂ ಅದೇ ನಗು. ಅವಳು ಬಾಯಿ ತೆರೆದಳು.

"ನಾನು... ನಾನಿನ್ನೂ ಯೋಚಿಸಬೇಕು."

ಆಗ ಅವರು ಮಾತಾಡಿದರು. ದೊಡ್ಡಮ್ಮ, ಮುದುಕ, ಅತ್ತೆ, ಎಲ್ಲರೂ ಒಟ್ಟಿಗೆ, ಪಿಸುದನಿಯಲ್ಲಿ. ಅಷ್ಟು ಬಾಯಿಗಳಲ್ಲೂ ಅಮ್ಮನದೊಂದೇ ದನಿ.

"ಗುಬ್ಬೀ... ಹೋಗ್ಬೇಡ ಕಣೇ."

ಏಳಲು ಹೊರಟಿದ್ದವಳು ಅರ್ಧಕ್ಕೇ ನಿಂತಳು. ಕೂತುಬಿಡೋಣ, ಎಲ್ಲ ಮುಗಿದುಹೋಗಲಿ ಅನ್ನಿಸಿತು. ಲಿಫ್ಟ್‌ನವನು ಅವಳನ್ನು ಹಿಡಿಯಲಿಲ್ಲ, ಎಳೆಯಲಿಲ್ಲ. ಮೊದಲ ದಿನದಂತೆಯೇ ನೋಡುತ್ತಿದ್ದ.

ಅಮ್ಮ ಎಂದಾದರೂ ಹೋಗಬೇಡ ಅಂದಿದ್ದಳಾ? ಇಲ್ಲ... ಒಮ್ಮೆಯೂ ಇಲ್ಲ. ಮೈಯಲ್ಲಿ ತ್ರಾಣ ಇಲ್ಲದಿದ್ದಾಗಲೂ ಹಾಸಿಗೆಯಿಂದ ಕೈ ಎತ್ತಿ, ಹೋಗಿ ಬಾ ಅಂದವಳು ಅಮ್ಮ.

"ನೀವು ನನ್ನ ಅಮ್ಮ ಅಲ್ಲ," ಎಂದಳು. ಚೀಲ ಎತ್ತಿಕೊಂಡು ಬಾಗಿಲಿನತ್ತ ನಡೆದಳು. ಯಾರೂ ಅಡ್ಡ ಬರಲಿಲ್ಲ. ಬೆನ್ನ ಹಿಂದೆ ಆ ಗುಂಯ್‌ಕಾರ ಮತ್ತೆ ಶುರುವಾಯಿತು, ಯಾರೂ ಎದ್ದು ಹೋಗಿಯೇ ಇಲ್ಲವೆಂಬಂತೆ.

*

ಕೆಳಗಿನ ಚಹಾ ಅಂಗಡಿಯ ಬೆಂಚಿನ ಮೇಲೆ ಅವಳು ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. ಹಿಂದೆಯೇ ಇಳಿದು ಬಂದಿದ್ದ ಲಿಫ್ಟ್‌ನವನು ಲೋಟವನ್ನು ಅವಳೆದುರು ಇಟ್ಟು, ಸ್ವಲ್ಪ ದೂರದಲ್ಲಿ ಕೂತ.

"ಹೆಸರು ಅವರಿಗೆ ಹೇಗೆ ಗೊತ್ತಾಯ್ತು?"

"ಗುಂಯ್‌ಗುಡೋವಾಗ ನೀವು ಮಾತಾಡ್ತೀರಿ. ನಿಮಗೇ ಗೊತ್ತಾಗಲ್ಲ. ಎಲ್ಲರೂ ಮಾತಾಡ್ತಾರೆ, ನಾನೂ ಆಡಿದ್ದೆ. ದೊಡ್ಡಮ್ಮ ಮೋಸ ಮಾಡ್ತಿಲ್ಲ. ಕಿವಿಗೆ ಬಿದ್ದದ್ದು ತಮ್ಮೊಳಗಿಂದ ಬಂತು ಅಂದ್ಕೋತಾರೆ, ಪಾಪ."

"ಅಮ್ಮನ ದನಿ? ಅದನ್ನೂ ನಾನೇ ಹೇಳಿಕೊಟ್ಟೆನಾ?"

"ಅದು ನನಗೂ ಗೊತ್ತಿಲ್ಲ."

ಇಬ್ಬರೂ ಮೂರನೇ ಮಹಡಿಯ ಕಿಟಕಿಯತ್ತ ನೋಡಲಿಲ್ಲ.

"ನಿಮ್ಮ ಮಾತು ಯಾರಿಗೂ ಕೇಳಿಸಬಾರದು ಅಂತ ನಾನು ಜೋರಾಗಿ ದನಿ ತೆಗೀತಿದ್ದೆ," ಎಂದ ಅವನು.

"ಅದಕ್ಕೇನಾ ಅಷ್ಟು ಕರ್ಕಶ?"

"ಅಲ್ಲ. ಅದು ನನ್ನ ದನೀನೇ ಹಾಗೆ."

ಅಳುತ್ತಲೇ ಅವಳಿಗೆ ನಗು ಬಂತು. "ಅಲ್ಲಿ ಸರಿಯಿಲ್ಲ ಅಂತ ಗೊತ್ತಿದ್ದೂ ಯಾಕೆ ಬರ್ತಿದ್ರಿ?"

"ಮೊದಲು, ಮನೇಲಿ ನನಗೆ ಯಾರೂ ಬಾಗಿಲು ತೆಗೆಯೋರಿರಲಿಲ್ಲ ಅಂತ. ಇನ್ನು ಸಾಕು, ಬಿಡ್ಬೇಕು ಅಂತ ಇದ್ದೆ, ಅಷ್ಟರಲ್ಲಿ ನೀವು ಬಂದ್ರಿ." ಅವನು ಉಗುರಿನ ಕಪ್ಪನ್ನು ಉಜ್ಜುತ್ತಾ ಕೂತ. "ನೀವು ಇಷ್ಟ ನನಗೆ. ಅವತ್ತು ಕಣ್ಣು ಮುಚ್ಚದೇ ಕೂತ್ರಲ್ಲ, ಅವತ್ತಿನಿಂದಾನೇ."

ಚಹಾ ತಣ್ಣಗಾಗುತ್ತಿತ್ತು. ಅವಳು ಚೀಲವನ್ನು ಪಕ್ಕಕ್ಕೆ ಸರಿಸಿ ಅವನ ಹತ್ತಿರ ಜರುಗಿ ಕೂತಳು.

"ನಾಳೆ ಅಣ್ಣನ ಮನೆಗೆ ಹೋಗ್ಬೇಕು ಅಂತಿದ್ದೀನಿ," ಎಂದ. "ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ. ಬರ್ತೀರಾ?"

"ಅವರು ಬಾಗಿಲು ತೆಗೆದು, ಇವರು ಯಾರು ಅಂದ್ರೆ?"

"ಏನು ಹೇಳ್ಲಿ?"

ಅವಳು ಅವನ ಗ್ರೀಸ್ ಮೆತ್ತಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಮ್ಮ ಮನೆಯವಳು ಅನ್ನಿ."

"ಆಮೇಲೆ ಆ ಮಾತು ಹಿಂದಕ್ಕೆ ತಗೊಳ್ಳೋಕೆ ಆಗಲ್ಲ."

"ತಗೋಬೇಡಿ."