ಒಂದಕ್ಷರವೂ ತಪ್ಪದಂತೆ

ಪರಮೇಶಪ್ಪನವರ ಎದೆಯ ಚರ್ಮದಡಿಯಲ್ಲಿ ಗೋಲಿಯಷ್ಟು ದೊಡ್ಡ ಉಸಿರುಕಾವಲು ಮಿಡಿಯುತ್ತಿತ್ತು. ನಿದ್ದೆ ಹತ್ತಿದೊಡನೆ ಉಸಿರಾಡುವುದನ್ನೇ ಮರೆಯುವ ಕಾಯಿಲೆ ಅವರದು. ಮರೆತಾಗಲೆಲ್ಲ ಈ ಯಂತ್ರ ದೂರದ ಗಣಕದಿಂದ ಆಜ್ಞೆ ಪಡೆದು ಉಸಿರಾಟದ ಸ್ನಾಯುವನ್ನು ಎಚ್ಚರಿಸುತ್ತಿತ್ತು. ಒಂಬತ್ತು ವರ್ಷದಿಂದ ಅವರು ಬದುಕಿದ್ದುದೇ ಅದರ ದಯೆಯಿಂದ.

ಆ ದಯೆಗೆ ಈಗ ಸಂಚಕಾರ ಬಂದಿತ್ತು. ಯಂತ್ರ ತಯಾರಿಸುವ ಸಂಸ್ಥೆಯ ಮುಖ್ಯಸ್ಥ ನಿರಂಜನ ಪಡಿವಾಳ ವೇದಿಕೆಯ ಮೇಲೆ ನಗುನಗುತ್ತಲೇ, ಹಳೆಯ ಮಾದರಿಗಳೆಲ್ಲ ಗುಜರಿಗೆ ಲಾಯಕ್ಕು, ಶುಕ್ರವಾರ ಸಂಜೆ ಆರಕ್ಕೆ ಅವುಗಳ ಸಂಪರ್ಕ ಕಡಿಯುತ್ತೇವೆ ಎಂದುಬಿಟ್ಟಿದ್ದ. ಅಷ್ಟರೊಳಗೆ ಹತ್ತು ಸಾವಿರ ಮಂದಿ ಸಂಸ್ಥೆಯ ಜಾಲಪುಟದಲ್ಲಿ ಬೇಡವೆಂದು ಬರೆದರೆ ನಿರ್ಧಾರ ಹಿಂದಕ್ಕೆ ಪಡೆಯುವುದಾಗಿಯೂ, ಎಣಿಕೆಯನ್ನು ತಮ್ಮ ಜನಮನಮಾಪಕವೆಂಬ ತಂತ್ರಾಂಶ ನೋಡಿಕೊಳ್ಳುವುದಾಗಿಯೂ ಸೇರಿಸಿದ್ದ. ಜಾಲದಲ್ಲಿ ಕೆಲವರು ಜೈಕಾರ ಹಾಕಿದರು, ಕೆಲವರು ಮುದುಕರಿಗೇಕೆ ಯಂತ್ರವೆಂದು ಗೇಲಿ ಮಾಡಿದರು. ಅಯ್ಯೋ, ಎಂಥ ಕಲ್ಲುಹೃದಯದ ಜನ!

ಪರಮೇಶಪ್ಪನವರ ಪತ್ನಿ ವಿಶಾಲಾಕ್ಷಮ್ಮ ಸುಮ್ಮನೆ ಕೂರುವವರಲ್ಲ. ಚಿತ್ರದುರ್ಗದ ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿದವರು. ಕಾಪಿ ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟರೂ ಪುಟವಿಡೀ ಮತ್ತೆ ಬರೆಸುತ್ತಿದ್ದರು. ಅವರೇ ಒಂದು ಮನವಿ ಬರೆದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಳಿಸಿ, ಒಂದಕ್ಷರವೂ ತಪ್ಪದಂತೆ ನೋಡಿ ಬರೆದು ಸಂಸ್ಥೆಯ ಪುಟದಲ್ಲಿ ಹಾಕಿರೆಂದರು. ಶಿಷ್ಯರು, ಅವರ ಮನೆಮಂದಿ, ಆ ಯಂತ್ರ ಹೊತ್ತ ಬೇರೆಯವರೂ ಸೇರಿ ಹನ್ನೊಂದು ಸಾವಿರ ಜನ ಚಾಚೂ ತಪ್ಪದೆ ಹಾಕಿದರು. ಇಷ್ಟು ಚೆನ್ನಾಗಿ ತಮಗೆ ಬರೆಯಲು ಬರುತ್ತದೆಯೇ ಎಂಬುದು ಎಲ್ಲರ ಮಾತು.

ಶುಕ್ರವಾರ ಐದೂವರೆಗೆ ವಿಶಾಲಾಕ್ಷಮ್ಮ ಮಾಪಕದ ಪುಟ ತೆರೆದು ನೋಡಿದರು. ವಿರೋಧಿಸಿದವರು: ಒಬ್ಬರು.

ಆ ಮಾಪಕವನ್ನು ರೂಪಿಸಿದ ಎಂಜಿನಿಯರುಗಳಲ್ಲಿ ತಿಪ್ಪೇಸ್ವಾಮಿಯೂ ಒಬ್ಬ, ವಿಶಾಲಾಕ್ಷಮ್ಮನವರ ಶಿಷ್ಯನೇ. ಫೋನಿನಲ್ಲಿ ಅವನು ಬಿಡಿಸಿ ಹೇಳಿದ: ಬಾಡಿಗೆ ಜನ ಒಂದೇ ವಾಕ್ಯವನ್ನು ಸಾವಿರ ಸಲ ಅಂಟಿಸುವುದನ್ನು ತಡೆಯಲೆಂದೇ ಮಾಪಕ ಬಾಯಿಗಳನ್ನಲ್ಲ, ಮನಸ್ಸುಗಳನ್ನು ಎಣಿಸುತ್ತದೆ. ಮಾತು ಒಂದೇ ಆದರೆ ಅದರ ಲೆಕ್ಕದಲ್ಲಿ ಮನಸ್ಸೂ ಒಂದೇ.

"ಯಾರೂ ಒಂದ್ ತಪ್ಪೂ ಮಾಡ್ಲಿಲ್ಲ ಮೇಡಂ, ಅದೇ ಕೆಟ್ಟಿದ್ದು," ಎಂದ. "ಅವರವರ ಮಾತಲ್ಲಿ ಹಾಕೋಕೆ ಹೇಳಿ. ಆರರ ತನಕ ಎಣಿಸುತ್ತೆ. ಆರಾದ್ಮೇಲೆ ಸಾರ್ ಮಾತ್ರ ನಿದ್ದೆ ಮಾಡಬಾರ್ದು."

ವಿಶಾಲಾಕ್ಷಮ್ಮ ಎಲ್ಲರಿಗೂ ಹಾಗೆಯೇ ತಿಳಿಸಿದರು. ಹತ್ತು ನಿಮಿಷವಾಗುವುದರೊಳಗೆ ಫೋನು ಬಿಡುವಿಲ್ಲದೆ ಗುಂಯ್‌ಗುಡತೊಡಗಿತು. ಜೀವ ಬಂದಂತಾಗಿ ತೆರೆದು ನೋಡಿದರು. ಸಾವಿರಾರು ಬರಹಗಳು ಬಂದಿದ್ದವು, ಸಂಸ್ಥೆಯ ಪುಟಕ್ಕಲ್ಲ, ಅವರಿಗೇ. ವೈದ್ಯರು, ವಕೀಲರು, ಮೊಮ್ಮಕ್ಕಳನ್ನು ಕಂಡವರು, ಎಲ್ಲರದ್ದೂ ಒಂದೇ ಕೋರಿಕೆ: ತಪ್ಪಿದ್ದರೆ ತಿದ್ದಿ ಕೊಡಿ, ಆಮೇಲೆ ಹಾಕುತ್ತೇವೆ.

ತಪ್ಪಿದ್ದರೂ ಸರಿ, ಈಗಲೇ ಹಾಕಿರೆಂದು ಅವರು ಎಲ್ಲರಿಗೂ ಬರೆದರು. ಹೈಕೋರ್ಟಿನ ನ್ಯಾಯಾಧೀಶನಾಗಿದ್ದ ಶಿಷ್ಯನೊಬ್ಬನಿಂದ ಥಟ್ಟನೆ ಉತ್ತರ ಬಂತು: "ನೀವು ನೋಡದೆ ಹೇಗೆ ಹಾಕಲಿ ಮೇಡಂ? ಕಾಯ್ತೀನಿ."

ಗಡಿಯಾರ ಐದು ಐವತ್ತೆಂಟು ತೋರಿಸುತ್ತಿತ್ತು, ಮಾಪಕ ಒಂದು. ಪಕ್ಕದ ಕುರ್ಚಿಯಲ್ಲಿ ಪರಮೇಶಪ್ಪನವರು ಆಕಳಿಸಿದರು.